ಡೆಕ್ಕಿನ ಬಣ್ಣ ಯಾರಿಗಾಗಿ? (8 ಪೋಸ್ಟ್‌ಗಳ ಸರಣಿ)

1/8

1834ರ ಆಗಸ್ಟ್ 14. ಅಮೆರಿಕದ ಬಾಸ್ಟನ್ ಬಂದರು. ರಿಚರ್ಡ್ ಹೆನ್ರಿ ಡೇನಾ ಅಂತ ಒಬ್ಬ ಹುಡುಗ 'ಪಿಲ್‌ಗ್ರಿಮ್' ಅನ್ನೋ ಹಾಯಿಹಡಗು ಹತ್ತುತ್ತಾನೆ. ವಯಸ್ಸು 19. ಹಾರ್ವರ್ಡ್ ಕಾಲೇಜಿನ ವಿದ್ಯಾರ್ಥಿ. ದಡಾರ ಬಂದು ಕಣ್ಣು ಕೆಟ್ಟಿತ್ತು, ಪುಸ್ತಕ ಓದೋಕೆ ಆಗ್ತಿರಲಿಲ್ಲ. ಸಮುದ್ರದ ಗಾಳಿಗೆ ಸರಿಹೋಗಬಹುದು ಅಂತ ಹೊರಟ. ಅಪ್ಪ ಕವಿ, ಮನೆತನ ದೊಡ್ಡದು, ಆರಾಮಾಗಿ ಪ್ರಯಾಣಿಕನಾಗಿ ಹೋಗಬಹುದಿತ್ತು. ಆದ್ರೆ ಅವನು ಸಾಮಾನ್ಯ ಖಲಾಸಿಯಾಗಿ ಸೇರಿಕೊಂಡ. ಹಡಗು ಹೋಗಿದ್ದು ಕ್ಯಾಲಿಫೋರ್ನಿಯಾಕ್ಕೆ, ದನದ ಚರ್ಮ ತುಂಬಿಕೊಂಡು ಬರೋಕೆ. ಎರಡು ವರ್ಷ ಆದ ಮೇಲೆ, 1836ರಲ್ಲಿ, 'ಅಲರ್ಟ್' ಅನ್ನೋ ಬೇರೆ ಹಡಗಿನಲ್ಲಿ ವಾಪಸ್ ಬಂದ. 1840ರಲ್ಲಿ ಅವನ ಪುಸ್ತಕ ಬಂತು: 'ಟು ಇಯರ್ಸ್ ಬಿಫೋರ್ ದ ಮಾಸ್ಟ್'. ಆಮೇಲೆ ವಕೀಲನಾಗಿ ನಾವಿಕರ ಪರವಾಗಿ ಕೋರ್ಟಿನಲ್ಲಿ ವಾದ ಮಾಡಿದ.

ಈಗ ಮೊದಲ ಫೋಟೊ ನೋಡಿ. ಇದು ನಮ್ಮ ಮಲ್ಪೆ ದಕ್ಕೆ, ಜುಲೈ ತಿಂಗಳು. ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ, ಮೇಲೆ ಟಾರ್ಪಾಲು, ಕೆಳಗೆ ಇಬ್ಬರು ಡೆಕ್ ಕೆರೆಯುತ್ತಾ ಕೂತಿದ್ದಾರೆ. ಡೇನಾಗೂ ಮಲ್ಪೆಗೂ ಎಂತ ಸಂಬಂಧ ಅಂತ ಕೇಳ್ತೀರಿ ಅಲ್ವಾ? ಸಂಬಂಧ ಕಾಲಿನ ಅಡಿಯಲ್ಲಿ ಉಂಟು. ಅವನು ದಿನಾ ಬೆಳಿಗ್ಗೆ ತೊಳೆದದ್ದೂ ಡೆಕ್, ಇವರು ಕೆರೆಯುತ್ತಿರೋದೂ ಡೆಕ್. ಹಡಗಿನ ಮೇಲಿನ ನೆಲ. ಮನುಷ್ಯ ನಿಲ್ಲೋದು, ಓಡೋದು, ಬಲೆ ಎಳೆಯೋದು, ಬೀಳೋದು ಎಲ್ಲ ಅದರ ಮೇಲೆಯೇ.

ಡೆಕ್ಕಿಗೆ ಏನು ಬಳಿಯಬೇಕು ಅನ್ನೋದನ್ನು ಯಾರು ತೀರ್ಮಾನ ಮಾಡಿದರು? ಅದರ ಮೇಲೆ ನಿಲ್ಲುವವರಾ, ದಡದಿಂದ ನೋಡುವವರಾ? ಈ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡಿ ನಿಧಾನಕ್ಕೆ ಓದಿ.

2/8

ಹಾಯಿಹಡಗಿನ ಕಾಲದಲ್ಲಿ ಮೇಲಿನ ಡೆಕ್ಕಿಗೆ ಸಾಮಾನ್ಯವಾಗಿ ಬಣ್ಣವೇ ಇರಲಿಲ್ಲ. ಬರೀ ಮರ. ಹಲಗೆ ಹಲಗೆಗಳ ನಡುವಿನ ಸಂದಿಗೆ ಹಳೆ ಹಗ್ಗ ಬಿಡಿಸಿದ ನಾರು ತುರುಕಿ, ಮೇಲೆ ಕಾಯಿಸಿದ ಡಾಂಬರು ಸುರೀತಿದ್ರು. ಬಿಸಿಲಿಗೆ ಹಲಗೆ ಒಣಗಿದರೆ ಸಂದಿ ಬಾಯಿ ಬಿಡುತ್ತೆ, ನೀರು ಕೆಳಗಿಳಿಯುತ್ತೆ. ಹಾಗಾಗಿ ಬಿಸಿಲಿನ ನಾಡುಗಳಲ್ಲಿ ಡೆಕ್ಕನ್ನು ಒದ್ದೆ ಇಡೋದೇ ಒಂದು ಕೆಲಸ.

ಇನ್ನೊಂದು ಕೆಲಸ ಉಜ್ಜೋದು. ಡೆಕ್ ಮೇಲೆ ಮರಳು ಚೆಲ್ಲಿ, ನೀರು ಹೊಯ್ದು, ಮೆತ್ತನೆಯ ಮರಳುಗಲ್ಲಿನಿಂದ ಹಲಗೆಯ ನಾರಿನುದ್ದಕ್ಕೂ ತಿಕ್ಕಬೇಕು. ಆ ಕಲ್ಲಿಗೆ ಇಂಗ್ಲಿಷ್ ನಾವಿಕರು 'ಹೋಲಿಸ್ಟೋನ್' ಅಂದರು, ಪವಿತ್ರ ಕಲ್ಲು. ಹೆಸರಿನ ಹಿಂದೆ ಹಲವು ಕಥೆ ಇವೆ. ಮೊಣಕಾಲೂರಿ ತಿಕ್ಕೋದು ಪ್ರಾರ್ಥನೆ ಮಾಡಿದ ಹಾಗೆ ಕಾಣುತ್ತೆ ಅನ್ನೋದು ನನಗೆ ಇಷ್ಟವಾದ ಕಥೆ. ದೊಡ್ಡ ಕಲ್ಲಿಗೆ 'ಬೈಬಲ್', ಮೂಲೆ ತಿಕ್ಕುವ ಚಿಕ್ಕದಕ್ಕೆ 'ಪ್ರೇಯರ್ ಬುಕ್' ಅಂತ ಅಡ್ಡಹೆಸರು. ನಾವಿಕರ ತಮಾಷೆ, ಬೇರೆ ದಾರಿ ಇಲ್ಲದವರ ತಮಾಷೆ.

ಉಜ್ಜಿದ ಮರಕ್ಕೆ ಒಂದು ಒಳ್ಳೆಯ ಗುಣ ಇದೆ: ಒದ್ದೆಯಾದರೂ ಅಷ್ಟಾಗಿ ಜಾರಲ್ಲ. ನಾರು ಸ್ವಲ್ಪ ಎದ್ದಿರುತ್ತೆ, ಜಿಡ್ಡು ಪಾಚಿ ಹೋಗಿರುತ್ತೆ, ಬರಿಗಾಲು ಹಿಡಿಯುತ್ತೆ. ಯುದ್ಧಕ್ಕೆ ಮುಂಚೆ ಫಿರಂಗಿ ಇರುವ ಡೆಕ್ಕಿಗೆ ಒದ್ದೆ ಮರಳು ಚೆಲ್ಲೋ ರೂಢಿಯೂ ಇತ್ತು. ನೀರಿಗೆ ಮಾತ್ರ ಅಲ್ಲ, ರಕ್ತಕ್ಕೆ ಕಾಲು ಜಾರಬಾರದು ಅಂತ. ಕಾಲಿಗೆ ಹಿಡಿತ ಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ರೆ ದಿನಾ ಉಜ್ಜಿದ್ದು ಹಿಡಿತಕ್ಕಾಗಿ ಮಾತ್ರವಾ? ಡೇನಾ ಓದಿದರೆ ಹಾಗೆ ಅನ್ನಿಸಲ್ಲ. ಹಡಗಿನಲ್ಲಿ ಯಾರೂ ಖಾಲಿ ಕೂರಬಾರದು, ಕೆಲಸ ಇಲ್ಲದಿದ್ರೆ ಹುಟ್ಟಿಸಬೇಕು ಅನ್ನೋದು ಅಲ್ಲಿಯ ನಿಯಮ ಅಂತ ಅವನು ಬಿಡಿಸಿ ಬರೀತಾನೆ. ಉಜ್ಜು, ಕೆರೆ, ಡಾಂಬರು ಬಳಿ, ಬಣ್ಣ ಹೊಡಿ. ಬಿಳಿ ಡೆಕ್ ಅಂದ್ರೆ ಕ್ಯಾಪ್ಟನ್ನಿನ ಮರ್ಯಾದೆ. ಅದೇ ಕ್ಯಾಪ್ಟನ್ ಇಬ್ಬರನ್ನು ಕಟ್ಟಿಹಾಕಿ ಚಾಟಿಯಲ್ಲಿ ಹೊಡೆದದ್ದನ್ನೂ ಡೇನಾ ಬರೆದಿದ್ದಾನೆ. ಆ ಹೊಡೆತ ಬಿದ್ದದ್ದು ತಿಕ್ಕಿ ತಿಕ್ಕಿ ಬಿಳಿ ಮಾಡಿದ ಇಂಥದ್ದೇ ಡೆಕ್ ಮೇಲೆ.

3/8

ಇದೊಂದು ಚಿಕ್ಕ ಪೋಸ್ಟ್, ಆದ್ರೆ ನಮ್ಮ ಕಡೆಯದ್ದು.

ದಿನಾ ಕಲ್ಲಿನಲ್ಲಿ ತಿಕ್ಕಿದ್ರೆ ಮರ ಸವೆಯುತ್ತೆ. ಸವೆದರೂ ತಡೆಯೋ ಮರ ಯಾವುದು? ಸಾಗುವಾನಿ. ಅದರಲ್ಲೇ ಎಣ್ಣೆ ಇದೆ, ಬೇಗ ಕೊಳೆಯಲ್ಲ, ಒದ್ದೆಯಲ್ಲೂ ಕಾಲು ನಿಲ್ಲುತ್ತೆ. ಬ್ರಿಟಿಷರಿಗೆ ಊರಿನ ಓಕ್ ಮರ ಸಾಲದೇ ಹೋದಾಗ ಅವರ ಕಣ್ಣು ಬಿದ್ದದ್ದು ಪಶ್ಚಿಮ ಘಟ್ಟದ ಮೇಲೆ. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಕಾಡಿನ ಕನ್ಸರ್ವೇಟರ್ ಮಾಡಿತು. 'ಸಂರಕ್ಷಣಾಧಿಕಾರಿ' ಅಂತ ಕೇಳೋಕೆ ಚೆಂದ. ಕೆಲಸ ಮಾತ್ರ ಹಡಗಿಗೆ ಸಾಗುವಾನಿ ಒದಗಿಸೋದು. ಮರದ ವ್ಯಾಪಾರಿಗಳು, ಭೂಮಾಲಕರು ರೊಚ್ಚಿಗೆದ್ದು, 1823ರಲ್ಲಿ ಆ ಹುದ್ದೆಯೇ ರದ್ದಾಯಿತು.

ಆ ಕಾಲದ ಒಂದು ಹಡಗು ಇವತ್ತಿಗೂ ತೇಲುತ್ತಿದೆ. ಹೆಸರು 'ಟ್ರಿಂಕೋಮಲಿ'. 1817ರಲ್ಲಿ ಬಾಂಬೆ ಡಾಕ್‌ಯಾರ್ಡಿನಲ್ಲಿ ಮಲಬಾರಿನ ಸಾಗುವಾನಿಯಿಂದ ಪಾರ್ಸಿ ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ್ದು. ಈಗ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಮ್ಯೂಸಿಯಂ ಆಗಿದೆ. ಎರಡನೇ ಫೋಟೊದಲ್ಲಿ ನಾನು ಬಿಡಿಸಿದ ಅದರ ಸ್ಕೆಚ್ ಇದೆ, ನಗಬೇಡಿ.

4/8

ಕಬ್ಬಿಣ ಬಂದಾಗ ಕಥೆ ತಿರುಗಿತು.

1843ರಲ್ಲಿ 'ಗ್ರೇಟ್ ಬ್ರಿಟನ್', 1860ರಲ್ಲಿ ಯುದ್ಧನೌಕೆ 'ವಾರಿಯರ್'. ಎರಡಕ್ಕೂ ಕಬ್ಬಿಣದ ಒಡಲು. ಡೆಕ್ ಮಾತ್ರ ಆಗಲೂ ಮರದ್ದೇ. ಬರಿ ಕಬ್ಬಿಣ ಬಿಸಿಲಿಗೆ ಕಾದ ಕಾವಲಿ, ಮಳೆಗೆ ಎಣ್ಣೆ ಹಚ್ಚಿದ ಕಾವಲಿ. ಆದ್ರೂ ನಿಧಾನಕ್ಕೆ, ಮೊದಲು ಎಂಜಿನ್ ಕೋಣೆ, ಆಮೇಲೆ ಮೇಲಿನ ಭಾಗಗಳು ಅಂತ ಲೋಹದ ನೆಲ ಜಾಸ್ತಿ ಆಯ್ತು. ಮರ ಬರಿದಾಗಿ ಇರಬಹುದು, ಕಬ್ಬಿಣ ಇರೋ ಹಾಗಿಲ್ಲ. ಉಪ್ಪುನೀರಿಗೆ ತುಕ್ಕು ಹಿಡಿಯುತ್ತೆ. ಬಣ್ಣ ಬಳಿಯಲೇಬೇಕು.

ಸಮಸ್ಯೆ ಇರೋದೇ ಇಲ್ಲಿ. ಒಳ್ಳೆ ಬಣ್ಣದ ಲಕ್ಷಣ ಏನು? ಬ್ರಶ್ಶಿನ ಗೆರೆ ಕಾಣದ ಹಾಗೆ ತಾನೇ ಹರಡಿ, ಗಾಜಿನಂತೆ ಒಣಗೋದು. ನುಣುಪಾದಷ್ಟೂ ನೀರು ಒಳಗೆ ಹೋಗಲ್ಲ, ಕೊಳೆ ಕೂರಲ್ಲ, ತೊಳೆಯೋಕೆ ಸುಲಭ. ಆದ್ರೆ ಅದೇ ನುಣುಪಿನ ಮೇಲೆ ನೀರು ಬಿದ್ದರೆ ಕಾಲಿಗೂ ಬಣ್ಣಕ್ಕೂ ನಡುವೆ ನೀರಿನದ್ದೊಂದು ತೆಳು ಪದರ ನಿಲ್ಲುತ್ತೆ. ಕಾಲು ಆ ಪದರದ ಮೇಲೆ ತೇಲುತ್ತೆ. ಅದೇ ಜಾರೋದು. ಪದರವನ್ನು ಚುಚ್ಚಿ ಮೇಲೆ ಬರೋ ಚೂಪು ಏನಾದರೂ ಬಣ್ಣದೊಳಗೆ ಇದ್ರೆ ಮಾತ್ರ ಕಾಲಿಗೆ ಆಸರೆ. ನಾನ್-ಸ್ಕಿಡ್ ಅಂದ್ರೆ ಅಷ್ಟೇ: ಬಣ್ಣದಲ್ಲಿ ಸಿಕ್ಕಿಸಿದ ಹರಳು.

ಅಂದ್ರೆ ಮರಕ್ಕೆ ಅಥವಾ ಕಬ್ಬಿಣಕ್ಕೆ ಯಾವುದು ಒಳ್ಳೆಯದೋ ಅದು ಕಾಲಿಗೆ ಕೆಟ್ಟದ್ದು. ಇಬ್ಬರಿಗೂ ಒಪ್ಪುವ ಬಣ್ಣ ಸುಲಭಕ್ಕೆ ಸಿಗಲ್ಲ.

ಹಸಿ ಬಣ್ಣದ ಮೇಲೆ ಮರಳು ಎರಚೋ ಉಪಾಯ ಹೊಸದೇನಲ್ಲ. 18ನೇ ಶತಮಾನದಲ್ಲೇ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಮನೆಯ ಮರದ ಗೋಡೆಗೆ ಇದನ್ನು ಮಾಡಿಸಿದ್ದ. ಯಾಕೆ ಗೊತ್ತುಂಟಾ? ಮರದ ಹಲಗೆ ಕಲ್ಲಿನ ಗೋಡೆಯ ಹಾಗೆ ಕಾಣಲಿ ಅಂತ! ಬಣ್ಣಕ್ಕೆ ಮರಳು ಸೇರಿಸೋ ವಿದ್ಯೆ ಇತ್ತು, ಅದು ಶೋಗೆ ಖರ್ಚಾಯ್ತು.

5/8

ಹರಳಿನ ಕಥೆ ಹೇಳದೆ ಮುಂದೆ ಹೋಗೋ ಹಾಗಿಲ್ಲ.

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡೋಕೆ ಹೊರಟ. ಜೇಡಿಮಣ್ಣು ಮತ್ತು ಕೋಕ್ ಸೇರಿಸಿ ವಿದ್ಯುತ್ತಿನಿಂದ ಸಿಕ್ಕಾಪಟ್ಟೆ ಕಾಯಿಸಿದ. ವಜ್ರ ಬರಲಿಲ್ಲ. ಮಿಣಮಿಣ ಅನ್ನೋ ಗಟ್ಟಿ ಹರಳು ಬಂತು. ಅದಕ್ಕೆ 'ಕಾರ್ಬೊರಂಡಮ್' ಅಂತ ಹೆಸರಿಟ್ಟು 1893ರಲ್ಲಿ ಪೇಟೆಂಟ್ ತಗೊಂಡ. ಇದೇ ಸಿಲಿಕಾನ್ ಕಾರ್ಬೈಡ್. ಮೊದಮೊದಲು ಅದನ್ನು ರತ್ನ ಪಾಲಿಶ್ ಮಾಡುವವರಿಗೆ ಕ್ಯಾರೆಟ್ ಲೆಕ್ಕದಲ್ಲಿ ಮಾರ್ತಿದ್ದರು. ಆಮೇಲೆ ಉತ್ಪಾದನೆ ಹೆಚ್ಚಿ, ಬೆಲೆ ಇಳಿದು, ಸಾಣೆಕಲ್ಲಿಗೆ, ಸ್ಯಾಂಡ್‌ಪೇಪರಿಗೆ ಬಂತು.

ಮರಳಿನ ಕಣ ದುಂಡಗೆ, ತುಳಿದು ತುಳಿದು ಬೇಗ ಸವೆಯುತ್ತೆ. ಈ ಹರಳು ಒಡೆದರೂ ಹೊಸ ಚೂಪು ಅಂಚು ಕೊಡುತ್ತೆ. ಇದೂ, ಅಲ್ಯೂಮಿನಿಯಂ ಆಕ್ಸೈಡೂ ಮುಂದೆ ಮೆಟ್ಟಿಲಿಗೆ, ಫ್ಯಾಕ್ಟರಿ ನೆಲಕ್ಕೆ, ಹಡಗಿನ ಡೆಕ್ಕಿಗೆ ಹೋದವು. ವಜ್ರ ಹುಡುಕಿದವನಿಂದ ಕಾಲಿಗೆ ಹಿಡಿತ ಸಿಕ್ಕಿತು.

ಕಲ್ಲಿನಲ್ಲಿ ಉಜ್ಜೋದು ನಿಂತದ್ದು ಯಾವಾಗ ಅಂತಲೂ ಹೇಳಿಬಿಡ್ತೇನೆ. ಅಮೆರಿಕದ ನೌಕಾಪಡೆ 1931ರ ಮಾರ್ಚ್ 5ರ ಆದೇಶದಲ್ಲಿ ಹೋಲಿಸ್ಟೋನ್ ಬಳಕೆಗೆ ತಡೆ ಹಾಕಿತು. ನಾವಿಕರ ಮಂಡಿ ಸವೆದದ್ದಕ್ಕಲ್ಲ ಮಾರಾಯ್ರೆ, ಡೆಕ್ಕಿನ ಮರ ಸವೀತಿದೆ ಅಂತ.

6/8

1911ರ ಜನವರಿ 18. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ. ಯೂಜೀನ್ ಇಲಿ ಅನ್ನೋ ಪೈಲಟ್ 'ಪೆನ್ಸಿಲ್ವೇನಿಯಾ' ಹಡಗಿನ ಮೇಲೆ ವಿಮಾನ ಇಳಿಸಿದ. ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಹಡಗಿನ ಹಿಂಭಾಗದಲ್ಲಿ ಮರದ ಹಲಗೆಯ ವೇದಿಕೆ ಕಟ್ಟಿದ್ದರು. ಅಡ್ಡಕ್ಕೆ ಹಗ್ಗಗಳು, ಹಗ್ಗದ ಎರಡೂ ತುದಿಗೆ ಮರಳಿನ ಚೀಲ. ವಿಮಾನದ ಕೊಕ್ಕೆ ಹಗ್ಗಕ್ಕೆ ಸಿಕ್ಕಿ, ಚೀಲಗಳನ್ನು ಎಳಕೊಂಡು ಹೋಗಿ ನಿಂತಿತು. ಮರಳು ಇಲ್ಲೂ ಬಂತು ನೋಡಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಸೆಕ್ಸ್ ವರ್ಗದ ವಿಮಾನವಾಹಕ ನೌಕೆಗಳಿಗೂ ಉಕ್ಕಿನ ಮೇಲೆ ಮರದ ಡೆಕ್ಕೇ ಇತ್ತು. ಆಕಾಶದಿಂದ ಶತ್ರುವಿಗೆ ಕಾಣಬಾರದು ಅಂತ ಡೆಕ್ಕುಗಳಿಗೆಲ್ಲ ಕಡು ನೀಲಿ ಬಣ್ಣ. ಇಲ್ಲಿಯೂ ಬಣ್ಣ ತೀರ್ಮಾನ ಆದದ್ದು ಮೇಲಿನಿಂದ ನೋಡುವವನ ಲೆಕ್ಕದಲ್ಲೇ. ಬ್ರಿಟಿಷರ ಹಲವು ನೌಕೆಗಳಿಗೆ ಉಕ್ಕಿನ ದಪ್ಪ ಡೆಕ್. ಯುದ್ಧದ ನಂತರ ಜೆಟ್ ಬಂತು. ಭಾರ ಜಾಸ್ತಿ, ವೇಗ ಜಾಸ್ತಿ, ಹಿಂದಿನಿಂದ ಉಗುಳೋ ಬೆಂಕಿ ಬೇರೆ. ಮರ ತಡೆಯಲ್ಲ, ಉಕ್ಕೇ ಬೇಕು. ಉಕ್ಕಿನ ಮೇಲೆ ಸಮುದ್ರದ ನೀರು, ಇಂಧನ, ಹೈಡ್ರಾಲಿಕ್ ಎಣ್ಣೆ. ಹಡಗು ಅತ್ತಿತ್ತ ವಾಲುತ್ತೆ, ಕೋಟಿಗಟ್ಟಲೆ ಬೆಲೆಯ ವಿಮಾನ ಜಾರಿ ಸಮುದ್ರಕ್ಕೆ ಬಿದ್ದರೆ?

ಆವಾಗ ನಾನ್-ಸ್ಕಿಡ್ ಗಂಭೀರ ವಿಷಯ ಆಯ್ತು ಅಂತ ನನಗನ್ನಿಸೋದು. ಇದು ನನ್ನ ಅಭಿಪ್ರಾಯ, ಒಪ್ಪದೇ ಇರಬಹುದು. ನೂರಾರು ವರ್ಷ ಮನುಷ್ಯರು ಜಾರಿ ಬಿದ್ದಾಗ ಒಂದು ಬಕೆಟ್ ಮರಳು ಸಾಕಾಗಿತ್ತು. ವಿಮಾನ ಜಾರುತ್ತೆ ಅಂದಾಗ ಎಪಾಕ್ಸಿ, ಅಲ್ಯೂಮಿನಿಯಂ ಆಕ್ಸೈಡ್, ಮಿಲಿಟರಿ ಸ್ಟ್ಯಾಂಡರ್ಡ್, ಟೆಸ್ಟಿಂಗ್ ಎಲ್ಲ ಬಂತು.

ಕೆಲಸ ನೋಡೋಕೆ ಚೆಂದ. ಹಳೆಯದನ್ನು ಭಾರೀ ಒತ್ತಡದ ನೀರಿನಿಂದಲೋ ಉಕ್ಕಿನ ಚೂರು ಹೊಡೆದೋ ಕಿತ್ತು, ಬರಿ ಉಕ್ಕು ಕಾಣುವ ತನಕ ತರಬೇಕು. ಪ್ರೈಮರ್ ಹಚ್ಚಬೇಕು. ಮೇಲೆ ಹರಳು ಬೆರೆಸಿದ ಗಟ್ಟಿ ಎಪಾಕ್ಸಿಯನ್ನು ರೋಲರಿನಿಂದ ಎಳೆದರೆ ಗದ್ದೆಯ ಸಾಲಿನ ಹಾಗೆ ಏಣುಗಳು ಏಳುತ್ತವೆ. ವಿಮಾನ ಇಳಿಯುವ ಜಾಗ, ತಡೆಯುವ ಉಕ್ಕಿನ ಹಗ್ಗದ ಕೆಳಗಿನ ಜಾಗ ಬೇಗ ಸವೆಯುತ್ತೆ. ಕಿತ್ತುಬಂದ ಹರಳು ಎಂಜಿನ್ನಿನೊಳಗೆ ಹೋದರೆ ಎಂಜಿನ್ನೇ ಹಾಳು. ಅದಕ್ಕೆ ನಾವಿಕರು ಹೆಗಲಿಗೆ ಹೆಗಲು ಸೇರಿಸಿ ಸಾಲಾಗಿ ಡೆಕ್ ಉದ್ದಕ್ಕೂ ತಲೆ ತಗ್ಗಿಸಿ ನಡೆದು, ಬಿದ್ದ ಚೂರುಗಳನ್ನು ಹೆಕ್ಕುತ್ತಾರೆ. ಡೇನಾನ ಕಾಲದ ಮೊಣಕಾಲಿನ ಸಾಲು ಈಗ ನಿಂತ ಸಾಲು ಆಗಿದೆ.

ಇಂಥ ಒಂದು ಹಡಗಿನ ನೆಲೆ ನಮ್ಮ ಕರ್ನಾಟಕದಲ್ಲೇ ಇದೆ. 2013ರಲ್ಲಿ ಸೇರ್ಪಡೆಯಾದ 'ವಿಕ್ರಮಾದಿತ್ಯ', ಸುಮಾರು 284 ಮೀಟರ್ ಉದ್ದ, ಕಾರವಾರದ ಐಎನ್‌ಎಸ್ ಕದಂಬದಲ್ಲಿ. ಅದರ ಡೆಕ್ ಮುಟ್ಟಿ ನೋಡೋಕೆ ನಮ್ಮನ್ನು ಬಿಡಲ್ಲ, ಬಿಡಿ.

7/8

ಈಗ ಮಲ್ಪೆಗೆ ಬರೋಣ.

ನಮ್ಮ ಕರಾವಳಿಯ ಹಳೆ ದೋಣಿಗಳಿಗೆ ಈಗಿನ ಬೋಟಿನ ಹಾಗೆ ಡೆಕ್ ಇರಲಿಲ್ಲ. ಪಾತಿ ಇರಲಿ, ರಂಪಣಿ ಬಲೆ ಹೊತ್ತ ದೊಡ್ಡ ದೋಣಿ ಇರಲಿ, ಒಳಗೆ ಬಟ್ಟಲಿನ ಹಾಗೆ ತೆರೆದೇ ಇರುತ್ತಿತ್ತು. ನಿಲ್ಲೋದು ದೋಣಿಯ ಒಳಗೆ, ಅಂಚು ಮೊಣಕಾಲಿಗೋ ತೊಡೆಗೋ ಬರುತ್ತೆ. ಜಾರಿದರೂ ಬೀಳೋದು ಒಳಗೇ. ಮರಕ್ಕೆ ಹಚ್ಚುತ್ತಿದ್ದದ್ದು ಮೀನೆಣ್ಣೆ, ಗೇರೆಣ್ಣೆ. ನಾತ ಇರಬಹುದು, ಆದ್ರೆ ಎಣ್ಣೆ ಮರದೊಳಗೆ ಇಳಿಯುತ್ತೆ, ಮೇಲೆ ಗಾಜಿನ ಹಾಗೆ ಕೂರಲ್ಲ.

1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಇಂಡೊ-ನಾರ್ವೇಜಿಯನ್ ಪ್ರಾಜೆಕ್ಟ್ ಅಂತ. ಶುರುವಾದದ್ದು ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ, 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಮೊದಲು ಊರಿನ ದೋಣಿಗೇ ಎಂಜಿನ್ ಕೂರಿಸೋಕೆ ನೋಡಿದರು, ಅಷ್ಟು ಹೊಂದಲಿಲ್ಲ. ಹೊಸ ಮಾದರಿಯ ಬೋಟುಗಳೇ ಬಂದವು. ಎಂಜಿನ್ ಮುಚ್ಚೋಕೆ, ಮೀನು ಐಸ್ ತುಂಬೋಕೆ, ವಿಂಚ್ ಕೂರಿಸೋಕೆ ಮೇಲೆ ನೆಲ ಬೇಕಾಯಿತು. ಹೀಗೆ ನಮ್ಮವರ ಕಾಲಿನ ಕೆಳಗೆ ಡೆಕ್ ಬಂತು. 70ರ ದಶಕದ ನಡುವಿನಲ್ಲಿ ಪರ್ಸೀನ್ ಬಂದು ರಂಪಣಿ ಹಿಂದೆ ಸರಿಯಿತು. ಅದೇ ಒಂದು ದೊಡ್ಡ ಜಗಳದ ಕಥೆ, ಇನ್ನೊಮ್ಮೆ ಬರೀತೇನೆ.

ಡೆಕ್ ಬಂದ ಮೇಲೆ ನಿಲ್ಲೋ ಜಾಗ ಎತ್ತರ ಆಯ್ತು, ಅಂಚು ಗಿಡ್ಡ ಆಯ್ತು. ಮೇಲೆ ಬೂತಾಯಿ ಸುರಿದ್ರೆ ಲೋಳೆ, ಚೆಕ್ಕೆ, ಐಸ್ ನೀರು, ಡೀಸೆಲ್. ಅದರ ಮೇಲೆ ಎನಾಮೆಲ್ ಬಣ್ಣ, ಪಳಪಳ ಅನ್ನಬೇಕು. ಈಚೆಗೆ ಮರದ ಮೇಲೆ ಫೈಬರ್ ಹೊದಿಸ್ತಾರೆ, ಸ್ಟೀಲ್ ಬೋಟೂ ಬಂದಿವೆ. ಫೈಬರಿನ ಮೇಲ್ಮೈ ಹೊಸದರಲ್ಲಿ ಬಾತ್‌ರೂಮ್ ಟೈಲ್ಸಿಗಿಂತ ನುಣುಪು.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಅಣ್ಣ (ಹೆಸರು ಬೇಡ, ಬೋಟಿನ ಹೆಸರೂ ಬೇಡ) ಸೀಸನ್ನಿನ ಮೊದಲ ಟ್ರಿಪ್ಪಿನಲ್ಲೇ ಜಾರಿದರು. ಬೋಟ್ ಆಗಷ್ಟೇ ಹೊಸ ಬಣ್ಣ ಕಂಡಿತ್ತು. ಪೂಜೆ, ಹೂವಿನ ಹಾರ, ಫೋಟೊ ಎಲ್ಲ ಜೋರಾಗಿ ಆಗಿತ್ತು. ಬಲೆ ಮೇಲೆ ಬರುವಾಗ ಕಾಲು ಹೋಯ್ತು, ಭುಜ ವಿಂಚಿಗೆ ಬಡಿಯಿತು. ಸಮುದ್ರದ ಕಡೆಗೆ ಬೀಳಲಿಲ್ಲ, ಅಷ್ಟು ಪುಣ್ಯ. ಎರಡು ತಿಂಗಳು ಮನೆಯಲ್ಲೇ ಕೂತರು. ಅವರ ಸಂಪಾದನೆ ಪಾಲಿನ ಲೆಕ್ಕ. ಸಮುದ್ರಕ್ಕೆ ಹೋದರೆ ಪಾಲು, ಹೋಗದಿದ್ದರೆ ಇಲ್ಲ. ಮೀನುಗಾರರಿಗೆ ಅಪಘಾತ ವಿಮೆ ಇದೆ, ಸುಳ್ಳಲ್ಲ. ಆದ್ರೆ ಆ ಎರಡು ತಿಂಗಳ ಪಾಲನ್ನು ಅದು ಕಟ್ಟಿಕೊಡಲ್ಲ.

8/8

ಬಿಕಾಂ ಓದೋರು ಇಲ್ಲಿ ಸ್ವಲ್ಪ ನಿಲ್ಲಿ. ಡೆಕ್ಕಿಗೆ ಬಣ್ಣ ಬಳಿಯೋದು ಯಾವ ಖರ್ಚು? ರಿಪೇರಿ ಮತ್ತು ನಿರ್ವಹಣೆ, ರೆವಿನ್ಯೂ ಎಕ್ಸ್‌ಪೆಂಡಿಚರ್, ಅದೇ ವರ್ಷದ ಲಾಭ ನಷ್ಟ ಖಾತೆಗೆ. ಸರಿ. ಅಣ್ಣನ ಭುಜ ಯಾವ ಖಾತೆಗೆ? ಮಾಲಕರ ಪುಸ್ತಕದಲ್ಲಿ ಅದಕ್ಕೆ ಸಾಲೇ ಇಲ್ಲ. ಪಾಲಿನ ಪದ್ಧತಿಯಲ್ಲಿ ಜಾರಿದವನ ನಷ್ಟ ಜಾರಿದವನ ಮನೆಯ ಡಬ್ಬಿಯಿಂದಲೇ ಹೋಗುತ್ತೆ. ಎಪಾಕ್ಸಿ ಎನಾಮೆಲ್‌ಗಿಂತ ದುಬಾರಿ ಅನ್ನೋದು ಮಾತ್ರ ಲೆಕ್ಕದಲ್ಲಿ ಕಾಣುತ್ತೆ. ಮಾಲಕರು ಕೆಟ್ಟವರು ಅಂತಲ್ಲ. ಸಾಲ, ಡೀಸೆಲ್, ಬಲೆ ಅಂತ ಅವರ ತಲೆಬಿಸಿ ನನಗೂ ಗೊತ್ತು. ಆದ್ರೆ ಪುಸ್ತಕದಲ್ಲಿ ಕಾಣದ ಖರ್ಚಿಗೆ ಯಾರೂ ದುಡ್ಡು ತೆಗೆಯಲ್ಲ.

ಇನ್ನೊಂದು ಇಕ್ಕಟ್ಟು ನಮ್ಮ ಕಡೆಯದ್ದೇ. ಮೀನುಗಾರಿಕೆಗೆ ರಜೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಬಣ್ಣ ಬಳಿಯೋಕೆ ಸಿಗೋದು ಆ ಎರಡೇ ತಿಂಗಳು. ನಮ್ಮಲ್ಲಿ ಮಳೆ ಹೊಯ್ಯೋದೂ ಅದೇ ಎರಡು ತಿಂಗಳು! ಮರ ಒಣಗಲ್ಲ. ಒದ್ದೆ ಮರದ ಮೇಲೆ ಬಳಿದ ಬಣ್ಣ ಬಿಸಿಲು ಬಂದ ಕೂಡಲೇ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಏಳುತ್ತೆ. ಅದಕ್ಕೇ ಆ ಟಾರ್ಪಾಲು. ಅದರ ಕೆಳಗೆ ಕೆಲವರು ಫ್ಯಾನ್ ಇಟ್ಟು, ಹ್ಯಾಲೊಜೆನ್ ದೀಪ ಹಾಕಿ ಒಣಗಿಸ್ತಾರೆ.

ಕೆಲಸದ ಕ್ರಮ ಹೇಳೋದಾದ್ರೆ, ಮುಕ್ಕಾಲು ಶ್ರಮ ಬಣ್ಣದ್ದಲ್ಲ, ಕೆರೆಯೋದು. ಸಡಿಲ ಆದ ಹಳೆ ಬಣ್ಣ ಎಲ್ಲ ಹೋಗಬೇಕು, ಉಳಿದದ್ದನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಬೇಕು, ಜಿಡ್ಡು ತೊಳೆದು ಒಣಗಿಸಬೇಕು. ಆಮೇಲೆ ಪ್ರೈಮರ್. ಆಮೇಲೆ ಬಣ್ಣದ ಒಂದು ದಪ್ಪ ಕೋಟ್, ಅದು ಹಸಿ ಇರುವಾಗಲೇ ಜರಡಿಯಿಂದಲೋ ಮುಚ್ಚಳಕ್ಕೆ ತೂತು ಹೊಡೆದ ಡಬ್ಬದಿಂದಲೋ ಮರಳು ಉದುರಿಸೋದು, ಬಣ್ಣ ಕಾಣದಷ್ಟು. ಒಣಗಿದ ಮೇಲೆ ಅಂಟದೇ ಉಳಿದದ್ದನ್ನು ಗುಡಿಸಿ, ಮೇಲೆ ಇನ್ನೊಂದು ತೆಳು ಕೋಟ್, ಮರಳು ಕೀಳದ ಹಾಗೆ. ಮರಳನ್ನು ನೇರ ಬೀಚಿನಿಂದ ತರಬಾರದು. ಅದರಲ್ಲಿರೋ ಉಪ್ಪು ತೇವ ಎಳೆದು ಬಣ್ಣದಡಿ ಗುಳ್ಳೆ ಎಬ್ಬಿಸುತ್ತೆ. ತೊಳೆದು ಒಣಗಿಸಿದ್ದು ಬೇಕು. ಕಡು ಬಣ್ಣ ಬೇಡ, ಮಧ್ಯಾಹ್ನ ಬರಿಗಾಲು ಸುಡುತ್ತೆ. ತಿಳಿ ಬೂದು ಸಾಕು.

ಎಲ್ಲ ಕಡೆ ಹಾಕಬಹುದಾ? ಇಲ್ಲ. ಬೋಟಿನವರು ಇದಕ್ಕೆ ಒಪ್ಪದೇ ಇರೋಕೆ ದುಡ್ಡು ಒಂದೇ ಕಾರಣ ಅಲ್ಲ. ಒರಟು ಡೆಕ್ ಮೇಲೆ ಬಲೆ ಎಳೆದರೆ ಬಲೆ ಹರಿಯುತ್ತೆ. ಮೊಣಕಾಲೂರಿ ಮೀನು ಆರಿಸುವವರ ಚರ್ಮ ಸುಲಿಯುತ್ತೆ. ಮೀನಿನ ರಕ್ತ ಸಂದಿಯಲ್ಲಿ ಕೂತು ತೊಳೆಯೋಕೆ ಕಷ್ಟ. ಈ ಮಾತು ಹೇಳಿದ್ದು ನನ್ನ ಸೋದರಮಾವ, ಒಂದು ಟ್ರಾಲ್ ಬೋಟಿನ ತಾಂಡೇಲ. "ನಿನ್ನ ಪುಸ್ತಕದವರು ಬಲೆ ಎಳೆದಿದ್ದಾರಾ ಮಗಾ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆದ್ರೆ ಚರ್ಚೆ ಮೂರು ಚಾ ಮುಗಿಯೋ ತನಕ ನಡೀತು.

ಕೊನೆಗೆ ಅವರೇ ಸೀಮೆಸುಣ್ಣದಿಂದ ಡೆಕ್ ಮೇಲೆ ಗುರುತು ಹಾಕಿದರು. ಬಲೆ ಬರೋ ದಾರಿ ನುಣುಪು ಬಿಡೋದು. ವಿಂಚ್ ನಡೆಸುವವ ನಿಲ್ಲೋ ಜಾಗ, ವೀಲ್‌ಹೌಸಿನ ಬಾಗಿಲ ಎದುರು, ಎರಡೂ ಬದಿ ಓಡಾಡೋ ಕಿರಿದಾದ ದಾರಿ, ಮತ್ತೆ ರಾತ್ರಿ ಹುಡುಗರು ಮೂತ್ರಕ್ಕೆ ಹೋಗಿ ನಿಲ್ಲೋ ಹಿಂದಿನ ಮೂಲೆ, ಇಷ್ಟಕ್ಕೆ ಮರಳು. ಆ ಕೊನೆಯ ಜಾಗ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಕತ್ತಲಲ್ಲಿ ಅಲ್ಲಿಂದ ಬಿದ್ದರೆ ಬೆಳಿಗ್ಗೆ ತನಕ ಯಾರಿಗೂ ಗೊತ್ತಾಗಲ್ಲ ಅಂದರು ಮಾವ.

ಕೊನೆಯ ಫೋಟೊ ಮೊನ್ನೆಯದ್ದು. ಎರಡನೇ ಕೋಟ್ ಮುಗಿದಿದೆ. ಬೂದು ಬಣ್ಣದಲ್ಲಿ ನಾಲ್ಕು ಒರಟು ತೇಪೆ, ಬೋಟ್ ನೋಡೋಕೆ ಅಷ್ಟೇನೂ ಚೆಂದ ಕಾಣ್ತಿಲ್ಲ. ಪಕ್ಕದ ಬೋಟಿನ ಮಾಲಕರು ಬಂದು ಚಪ್ಪಲಿ ಬಿಚ್ಚಿ, ಬಕೆಟ್ ನೀರು ಹೊಯ್ದು, ಮೇಲೆ ನಿಂತು ನೋಡಿ ಹೋದರು. ಆಗಸ್ಟ್ 1ಕ್ಕೆ ಇನ್ನು ಒಂಬತ್ತು ದಿನ.

#ಮಲ್ಪೆ #ಕರಾವಳಿ #ಇತಿಹಾಸ #ಡೆಕ್